ಒಲಿಂಪಿಯಾಡ್ ಗಣಿತದ ಆನ್‌ಲೈನ್ ಕೋರ್ಸ್, ಒಂದು ವರ್ಷದ ಮೇಲೆ ಬಳಸಿದ ಅನುಭವ: ಟೈಮರ್ ತೆಗೀರಿ, ಪೇಪರ್ ತಿದ್ದೋರನ್ನ ಉಳಿಸ್ಕೊಳ್ಳಿ

ಎಷ್ಟು ಗಂಟೆ ವಿಡಿಯೊ, ಎಷ್ಟು ಮಾಕ್ ಟೆಸ್ಟ್ ಅನ್ನೋದೆಲ್ಲ ಅವರ ಜಾಹೀರಾತಲ್ಲೇ ಇದೆ, ನೀವೂ ನೋಡಿರ್ತೀರಿ. ನಾನು ಬರೀತಾ ಇರೋದು ಮುಖ್ಯವಾಗಿ ಆ ಟೈಮರ್ ಬಗ್ಗೆ.

ಲೆಕ್ಕ ಸ್ಕ್ರೀನ್ ಮೇಲೆ ಬಂದು ಆರು ನಿಮಿಷ ಆಯ್ತು ಅಂದ್ರೆ ಕೆಳಗೆ ಸುಳಿವು ತಂತಾನೇ ತೆರೆದುಕೊಳ್ತದೆ, ಇನ್ನೊಂದು ಸ್ವಲ್ಪ ಹೊತ್ತಿಗೆ ಪೂರ್ತಿ ಉತ್ತರದ ವಿಡಿಯೊನೇ ಶುರು. ಬೇಡ ಅಂದ್ರೆ ನಿಲ್ಲಿಸೋಕೆ ಸೆಟ್ಟಿಂಗೇ ಇಲ್ಲ. ಸಪೋರ್ಟಿಗೆ ಬರೆದ್ರೆ ಸಲಹೆಗೆ ಧನ್ಯವಾದ ಅಂತ ಮೆಸೇಜ್ ಬರ್ತದೆ, ಅಷ್ಟೇ. ಈ ಆರು ನಿಮಿಷ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದ್ರೆ ತಿಳೀತದೆ. ಗಣಿತ ಒಲಿಂಪಿಯಾಡಿಗೆ ದೇಶದ ತಂಡ ಆರಿಸೋ ಪರೀಕ್ಷೆಗಳಲ್ಲಿ ಮೊದಲ ಹಂತದ್ದು ಐಒಕ್ಯೂಎಂ, ಅದು 3 ಗಂಟೆ, 30 ಪ್ರಶ್ನೆ, ಉತ್ತರ ಎಲ್ಲ ಎರಡಂಕಿ ಒಳಗಿನ ಸಂಖ್ಯೆ, ಓಎಂಆರ್ ಶೀಟಲ್ಲಿ ತುಂಬೋದು. ಭಾಗಿಸಿದ್ರೆ ಒಂದಕ್ಕೆ ಆರು ನಿಮಿಷ. ಆದ್ರೆ ಅಲ್ಲೂ 2 ಮಾರ್ಕ್ಸಿನ ಪ್ರಶ್ನೆ ಬೇರೆ, 5 ಮಾರ್ಕ್ಸಿನದ್ದು ಬೇರೆ. ಮುಂದಿನ ಹಂತ ಪ್ರಾದೇಶಿಕ ಮಟ್ಟದ ಆರ್‌ಎಂಒ, ಅದರಲ್ಲಿ ಅದೇ 3 ಗಂಟೆಗೆ ಬರೀ 6 ಪ್ರಶ್ನೆ, ಎಲ್ಲದಕ್ಕೂ ಪೂರ್ತಿ ಸಾಧನೆ (ಪ್ರೂಫ್) ಬರೀಬೇಕು. ಕೊನೆಯ ಅಂತರರಾಷ್ಟ್ರೀಯ ಒಲಿಂಪಿಯಾಡ್, ಐಎಂಒ ಅಂದ್ರಂತೂ ನಾಲ್ಕೂವರೆ ಗಂಟೆಗೆ ಮೂರೇ ಲೆಕ್ಕ. ಎಲ್ಲದಕ್ಕೂ ಒಂದೇ ಟೈಮರ್ ಹಾಕಿದ್ರೆ ಮಕ್ಕಳಿಗೆ ಯೋಚನೆ ಮಾಡೋಕೆ ಜಾಗ ಎಲ್ಲಿ?

ಒಂದು ಉದಾಹರಣೆ ಹೇಳ್ತೇನೆ. 1972ರ ಐಎಂಒದ ಮೊದಲ ಲೆಕ್ಕ: ಯಾವುದೇ ಹತ್ತು ಬೇರೆ ಬೇರೆ ಎರಡಂಕಿ ಸಂಖ್ಯೆ ತಗೊಳ್ಳಿ, ಅದರಲ್ಲಿ ಮೊತ್ತ ಸಮ ಬರೋ ಎರಡು ಗುಂಪು ಸಿಕ್ಕೇ ಸಿಗ್ತದೆ, ಒಂದರಲ್ಲಿರೋ ಸಂಖ್ಯೆ ಇನ್ನೊಂದರಲ್ಲಿ ಇರಬಾರದು, ಇದನ್ನ ಸಾಧಿಸಿ. ನಮ್ಮ ಕೂಸು ಒಂಬತ್ತನೇ ಕ್ಲಾಸು, ಈ ಲೆಕ್ಕ ಅವಳಿಗೆ ಎಷ್ಟು ಹಿಡಿಸ್ತು ಅಂದ್ರೆ ಆಗಷ್ಟೇ ಪೇಪರ್ ಮೇಲೆ ಸಣ್ಣ ಸಣ್ಣ ಸಂಖ್ಯೆ ಹಾಕಿ ನೋಡೋಕೆ ಶುರು ಮಾಡಿದ್ಲು, ಅಷ್ಟರಲ್ಲಿ ಸ್ಕ್ರೀನ್ ಮೇಲೆ "ಪಿಜನ್‌ಹೋಲ್ ಪ್ರಿನ್ಸಿಪಲ್ ಬಳಸಿ, 1023 ಮತ್ತು 945 ಹೋಲಿಸಿ" ಅಂತ ಬಂದೇ ಬಿಡ್ತು. ಪಿಜನ್‌ಹೋಲ್ ಅಂದ್ರೆ ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ರೆ ಯಾವುದೋ ಒಂದು ಗೂಡಲ್ಲಿ ಎರಡಾದ್ರೂ ಇರಲೇಬೇಕು ಅನ್ನೋ ತತ್ವ. ಹತ್ತು ಸಂಖ್ಯೆಯಿಂದ ಖಾಲಿ ಅಲ್ಲದ ಗುಂಪು 1023 ಆಗ್ತದೆ, ಮೊತ್ತ ಎಷ್ಟೇ ದೊಡ್ಡದಾದ್ರೂ 90ರಿಂದ 99ರ ತನಕ ಕೂಡಿಸಿದ 945 ದಾಟೋದಿಲ್ಲ, ಹಾಗಾಗಿ ಎರಡು ಗುಂಪಿಗೆ ಒಂದೇ ಮೊತ್ತ ಬರಲೇಬೇಕು. ಲೆಕ್ಕದ ಜೀವ ಇರೋದೇ ಈ ಎರಡು ಸಂಖ್ಯೆಯಲ್ಲಿ, ಅದನ್ನ ಅವಳು ತಾನೇ ಹುಡುಕಬೇಕಿತ್ತು. ಅವತ್ತು ರಾತ್ರಿ ಸರಿಯಾಗಿ ಊಟ ಮಾಡ್ಲಿಲ್ಲ ಅವಳು. ನನಗೂ ಸಿಟ್ಟು ಬಂತು, ಕೋರ್ಸಿಗೆ ಕೊಟ್ಟದ್ದು ಹತ್ತತ್ರ ಅರ್ಧ ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು.

ಆಮೇಲಿಂದ ನಮ್ಮನೆಲಿ ಒಂದು ಪದ್ಧತಿ ಆಗಿದೆ. ಹಳೆ ಆರ್‌ಎಂಒ, ಅದರ ಮುಂದಿನ ರಾಷ್ಟ್ರಮಟ್ಟದ ಐಎನ್‌ಎಂಒ ಪ್ರಶ್ನೆಪತ್ರಿಕೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ (ಎಚ್‌ಬಿಸಿಎಸ್‌ಇ) ವೆಬ್‌ಸೈಟಲ್ಲಿ ಪುಕ್ಕಟೆ ಸಿಗ್ತದೆ, ಅದನ್ನ ಶಿರಸಿ ಪೇಟೆಗೆ ಹೋದಾಗ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸ್ಕೊಂಡು ಬಂದೆ, ಪ್ರಶ್ನೆ ಒಂದು ಪುಸ್ತಕ, ಉತ್ತರ ಬೇರೆ ಪುಸ್ತಕ. ಉತ್ತರದ್ದು ಮೆತ್ತಿ ಮೇಲೆ ನನ್ನ ಕಪಾಟಲ್ಲಿ. ಸಂಜೆ ಶಾಲೆಯಿಂದ ಬಂದು ಕಷಾಯ ಕುಡಿದು ಒಂದೇ ಒಂದು ಲೆಕ್ಕ ಓದ್ತಾಳೆ, ಪುಸ್ತಕ ಮುಚ್ಚಿ ಬಚ್ಚಲೊಲೆ ಎದುರು ಕೂತು ಅಡಿಕೆ ಸಿಪ್ಪೆ ಹಾಕ್ತಾ ಬೆಂಕಿ ಮಾಡ್ತಾಳೆ, ನೀರು ಕಾಯೋವರೆಗೆ ಪೆನ್ನು ಮುಟ್ಟೋದಿಲ್ಲ, ಬರೀ ತಲೆಯಲ್ಲೇ. ಮೊನ್ನೆ ಒಂದು ಜಿಯೊಮೆಟ್ರಿ ಲೆಕ್ಕಕ್ಕೆ ನಾನು ಏನೋ ಹೇಳೋಕೆ ಬಾಯಿ ತೆಗೆದ್ರೆ "ಅಪ್ಪಾ, ಹೇಳಡ" ಅಂದ್ಲು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗಿ ವಿಡಿಯೊ ನೋಡೋಕಾಗದ ದಿನಗಳಲ್ಲೇ ಅವಳ ತಯಾರಿ ಹೆಚ್ಚು ಚೆಂದ ಆಗಿದ್ದು.

ಹಾಗಂತ ಕೋರ್ಸೇ ದಂಡ ಅಂತ ನಾನು ಹೇಳೋದಿಲ್ಲ, ಯಾಕಂದ್ರೆ ಇದರಲ್ಲಿ ಒಂದು ಭಾಗ ಬಹಳ ಬಹಳ ಒಳ್ಳೇದಿದೆ, ಜಾಹೀರಾತಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಕೈಯಲ್ಲಿ ಬರೆದ ಸಾಧನೆಯ ಫೋಟೊ ತೆಗೆದು ಕಳಿಸಿದ್ರೆ ಯಾರೋ ಒಬ್ರು ಕೂತು ಸಾಲು ಸಾಲೂ ಓದಿ ಕೆಂಪಲ್ಲಿ ಬರೆದು ವಾಪಸ್ ಕಳಿಸ್ತಾರೆ. ಅದೇ 1972ರ ಲೆಕ್ಕ ಸುಳಿವು ನೋಡಿದ್ದಾಯ್ತಲ್ಲ ಅಂತ ಬರೆದು ಕಳಿಸಿದ್ಲು. ವಾಪಸ್ ಬಂದದ್ದರಲ್ಲಿ ಮಾರ್ಕ್ಸೂ ಇಲ್ಲ, ಉತ್ತರವೂ ಇಲ್ಲ, ಕೊನೆ ಸಾಲಿನ ಪಕ್ಕ ಒಂದೇ ಪ್ರಶ್ನೆ: ಎರಡೂ ಗುಂಪಲ್ಲಿ ಒಂದೇ ಸಂಖ್ಯೆ ಇದ್ರೆ ಏನು ಮಾಡ್ತೀಯಾ? ಅದನ್ನ ಹಿಡ್ಕೊಂಡು ಮತ್ತೆ ಬಚ್ಚಲೊಲೆ ಎದುರು ಕೂತ್ಲು. ಎರಡೂ ಕಡೆ ಇರೋ ಸಂಖ್ಯೆ ಎರಡೂ ಕಡೆಯಿಂದ ತೆಗೆದ್ರೆ ಮೊತ್ತ ಸಮವಾಗೇ ಉಳೀತದೆ ಅಂತ ಬೇಗ ಗೊತ್ತಾಯ್ತು, ಆದ್ರೆ ತೆಗೀತಾ ತೆಗೀತಾ ಒಂದು ಗುಂಪು ಖಾಲಿ ಆಗಿಬಿಟ್ರೆ? ಆಗ ಇನ್ನೊಂದರ ಮೊತ್ತವೂ ಸೊನ್ನೆ ಆಗಬೇಕು, ಅಂದ್ರೆ ಅದೂ ಖಾಲಿ, ಅಂದ್ರೆ ಮೊದಲೇ ಎರಡೂ ಒಂದೇ ಗುಂಪಾಗಿತ್ತು, ನಾವು ತಗೊಂಡದ್ದು ಬೇರೆ ಬೇರೆ ಗುಂಪಲ್ವಾ. ಇದನ್ನ ನನಗೆ ವಿವರಿಸುವಾಗ ಅವಳ ಮುಖದಲ್ಲಿದ್ದ ಖುಷಿ ನೋಡ್ಬೇಕಿತ್ತು ನೀವು. ಟೈಮರ್ ಕಸಿದುಕೊಂಡದ್ದನ್ನ ಆ ಪುಣ್ಯಾತ್ಮರು ಒಂದು ಪ್ರಶ್ನೆ ಕೇಳಿ ವಾಪಸ್ ಕೊಟ್ರು. ನಮ್ಮ ಕಡೆ ಹಳ್ಳಿ ಶಾಲೆಗಳಲ್ಲಿ ಸಾಧನೆ ಬರೆಯೋದನ್ನ ಹೀಗೆ ಕೂತು ತಿದ್ದೋಕೆ ಮೇಷ್ಟ್ರಿಗೆ ಹೊತ್ತೆಲ್ಲಿದೆ, ಅದಕ್ಕೇ ಇದು ನಮಗೆ ಇಷ್ಟು ದೊಡ್ಡದು.

ವಿಡಿಯೊ ಬಗ್ಗೆ ಹೇಳೋದಾದ್ರೆ ನಂಬರ್ ಥಿಯರಿ ಚೆನ್ನಾಗಿದೆ, ಕಾಂಬಿನೇಟರಿಕ್ಸ್ (ಎಣಿಕೆ, ಜೋಡಣೆಯ ಲೆಕ್ಕ) ಓಟ ಜಾಸ್ತಿ.

ಐಒಕ್ಯೂಎಂ ಒಂದೇ ಗುರಿ, ಸ್ಪೀಡ್ ಬೇಕು, ಮನೆಲಿ ನೆಟ್ ಚೆನ್ನಾಗಿದೆ ಅನ್ನೋರಿಗೆ ಪೂರ್ತಿ ಪ್ಯಾಕೇಜ್ ನಡೀಬಹುದು. ನಮ್ಮ ಹಾಗೆ ಬಜೆಟ್ ನೋಡೋರು ಹಳೆ ಪೇಪರ್ ಪ್ರಿಂಟ್ ಹಾಕಿಸ್ಕೊಂಡು, ತಿದ್ದಿಕೊಡೋ ಪ್ಲಾನ್ ಮಾತ್ರ ತಗೊಳ್ಳಿ, ಅದು ಬೇರೆಯಾಗೂ ಸಿಗ್ತದೆ, ಪೂರ್ತಿ ಪ್ಯಾಕೇಜಿನ ಕಾಲು ಭಾಗವೂ ಆಗೋದಿಲ್ಲ. ನಾವು ಈ ಸಲ ಅದನ್ನೊಂದೇ ರಿನ್ಯೂ ಮಾಡಿದ್ದು. ಆ್ಯಪಿಗೆ ಐದಕ್ಕೆ ಎರಡು ಸ್ಟಾರ್, ತಿದ್ದೋರಿಗೆ ಐದಕ್ಕೆ ಐದು. ಟೈಮರ್ ಆಫ್ ಮಾಡೋ ಬಟನ್ ಕೊಟ್ಟ ದಿನ ಬಂದು ಎರಡನ್ನ ನಾಲ್ಕು ಮಾಡ್ತೇನೆ.