ರೆಸಿನ್ ಹರಳು ಮಾಡುವವರೇ, ಬರಿಗೈ ಬೇಡ

ಎಪಾಕ್ಸಿ ರೆಸಿನ್‌ನಲ್ಲಿ, ಅಂದರೆ ಎರಡು ದ್ರವ ಬೆರೆಸಿದಾಗ ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗುವ ಅಂಟಿನಲ್ಲಿ, ಹರಳಿನ ಆಕಾರದ ಪದಕ ಎರಕ ಹೊಯ್ಯುವುದು ನನಗೆ ಪ್ರಾಣ. ಅಮೆಥಿಸ್ಟ್ ಹರಳನ್ನು ನೋಡಿದ್ದೀರಲ್ವಾ? ಬುಡ ಮಂಜಿನ ಹಾಗೆ ಬಿಳಿಚಿಕೊಂಡಿರುತ್ತದೆ, ತುದಿಗೆ ಹೋದ ಹಾಗೆ ನೇರಳೆ ಗಾಢವಾಗುತ್ತದೆ. ಆ ಬಣ್ಣ ಇಳಿಸುವುದನ್ನು ಕಲಿಯಲು ತಿಂಗಳುಗಟ್ಟಲೆ ಕೂತಿದ್ದೇನೆ. ಅಷ್ಟೂ ದಿನ ಬರಿಗೈಯಲ್ಲೇ. ಡಬ್ಬದ ಮೇಲೆ 'ನಾನ್ ಟಾಕ್ಸಿಕ್' ಅಂತ ಬರೆದಿತ್ತು, ನಂಬಿಬಿಟ್ಟೆ.

ಒಂದು ಸಲ ಹಾರ್ಡನರ್, ಅಂದರೆ ರೆಸಿನನ್ನು ಗಟ್ಟಿ ಮಾಡಲು ಬೆರೆಸುವ ಎರಡನೇ ದ್ರವ, ಕಮ್ಮಿ ಬಿತ್ತು. ಅಚ್ಚಿನಿಂದ ತೆಗೆದಾಗ ಪದಕ ಇನ್ನೂ ಅಂಟಂಟು. ಬಿಸಾಕಲು ಮನಸ್ಸು ಬರದೆ ಸ್ಯಾಂಡ್‌ಪೇಪರ್ ಹಿಡಿದು ಅಂಚು ಉಜ್ಜಿದೆ. ಬಿಳಿ ಪುಡಿ ಮೊಣಕೈವರೆಗೂ ಹತ್ತಿತು. ಕೈಗೆ ಅಂಟಿದ್ದನ್ನು ಅಸಿಟೋನ್‌ನಲ್ಲಿ ಒರೆಸಿದೆ. ಇದು ಇನ್ನೂ ದೊಡ್ಡ ತಪ್ಪು. ಅಸಿಟೋನ್ ರೆಸಿನನ್ನು ಕರಗಿಸಿ ಚರ್ಮದ ತುಂಬಾ ಹರಡುತ್ತದೆ, ಚರ್ಮದ ಎಣ್ಣೆಯನ್ನೂ ಎಳೆದುಬಿಡುತ್ತದೆ.

ಮಾರನೇ ದಿನ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ರೆಪ್ಪೆಗಳು ಊದಿಕೊಂಡಿದ್ದವು. ಕುತ್ತಿಗೆ ಕೆಂಪಗೆ ಉರಿಯುತ್ತಿತ್ತು. ಯಾವುದರ ಅಲರ್ಜಿ ಅಂತ ತಿಳಿಯಲು ಚರ್ಮದ ಡಾಕ್ಟರು ಬೇರೆ ಬೇರೆ ವಸ್ತು ಹಚ್ಚಿದ ಪ್ಯಾಚ್ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದರು. ಎಪಾಕ್ಸಿ ಇಟ್ಟಿದ್ದ ಜಾಗ ಮಾತ್ರ ಕೆಂಪಗೆ ಎದ್ದಿತ್ತು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದಂತೆ. ಆಮೇಲೆ ಚೂರು ತಗುಲಿದರೂ ಸಾಕು, ಮತ್ತೆ ಏಳುತ್ತದೆ. ಆವತ್ತು ಮನೆಗೆ ಬಂದು ಅಚ್ಚುಗಳನ್ನು ನೋಡಿ ಅತ್ತುಬಿಟ್ಟೆ.

ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ ಅಷ್ಟು ತೊಂದರೆ ಕೊಡುವುದಿಲ್ಲ. ಅಪಾಯ ಇರುವುದು ಹಸಿ ರೆಸಿನ್, ಹಾರ್ಡನರ್ ಮತ್ತು ಅರೆ ಗಟ್ಟಿಯಾದ ಪುಡಿಯಲ್ಲಿ. ಮುಟ್ಟಲು ಗಟ್ಟಿ ಅನ್ನಿಸಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ಕೆಲವಕ್ಕೆ ಒಂದು ವಾರವೇ ಬೇಕು. ಅಲ್ಲಿವರೆಗೆ ಉಜ್ಜಬೇಡಿ. ಉಜ್ಜುವಾಗಲೂ ನೀರು ಹಾಕಿಕೊಂಡು ಉಜ್ಜಿ, ಪುಡಿ ಹಾರುವುದಿಲ್ಲ. ಕೈಗೆ ನೈಟ್ರೈಲ್ (ಕೃತಕ ರಬ್ಬರ್) ಗವಸು ಹಾಕಿ, ಲೇಟೆಕ್ಸ್ (ಸಹಜ ರಬ್ಬರ್) ಸಾಲದು. ಗವಸಿಗೆ ರೆಸಿನ್ ಮೆತ್ತಿದ ತಕ್ಷಣ ಬದಲಾಯಿಸಿ. ಚರ್ಮಕ್ಕೆ ತಾಗಿದರೆ ಒಣ ಬಟ್ಟೆಯಲ್ಲಿ ಒರೆಸಿ, ಸೋಪು ನೀರಲ್ಲಿ ತೊಳೆಯಿರಿ. ಕಿಟಕಿ ತೆರೆದಿರಲಿ.

ಯುವಿ ಬೆಳಕು ಬಿದ್ದರೆ ಗಟ್ಟಿಯಾಗುವ ಯುವಿ ರೆಸಿನ್‌ಗೆ ಬದಲಾಯಿಸಿದರೆ ಆಯ್ತಲ್ವಾ ಅಂತ ಗೆಳತಿ ಕೇಳಿದಳು. ಅದರಲ್ಲಿ ಅಕ್ರಿಲೇಟ್ ಅನ್ನುವ ರಾಸಾಯನಿಕಗಳಿವೆ, ಅವೂ ಇಂಥದ್ದೇ ಅಲರ್ಜಿ ತರುತ್ತವೆ. ಜೆಲ್ ನೇಲ್ ಪಾಲಿಶ್‌ನಲ್ಲೂ, ಹಲ್ಲಿಗೆ ತುಂಬುವ ಕೆಲವು ಫಿಲ್ಲಿಂಗ್‌ಗಳಲ್ಲೂ ಅದೇ ಜಾತಿಯ ರಾಸಾಯನಿಕ ಇರುತ್ತದೆ.

ಬೆರಳ ಸಂದಿಯಲ್ಲಿ ಸಣ್ಣ ತುರಿಕೆ ಶುರುವಾದರೆ ಆವತ್ತೇ ಕೆಲಸ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ನನಗೆ ಆ ತುರಿಕೆ ಎರಡು ತಿಂಗಳ ಮೊದಲೇ ಬಂದಿತ್ತು. ಚಳಿಗೆ ಚರ್ಮ ಒಡೆದಿದೆ ಅಂತ ಸುಮ್ನೆ ಎಣ್ಣೆ ಹಚ್ಚಿಕೊಂಡಿದ್ದೆ.