ಎರಡನೇ ರಿಮೋಟ್‌ನವಳ ವಿಮರ್ಶೆ: ಟೀವಿಗೆ ಚುಚ್ಚಿ ಆಡುವ ಗೇಮ್ ಸ್ಟಿಕ್, ಎರಡೂವರೆ ವರ್ಷದ ಮೇಲೆ

ಮಾರಿಯೋ ಮೊದಲಿಗಿಂತ ಜೋರಾಗಿ ಓಡುತ್ತಿದ್ದಾನೆ ಅಂತ ನಾನು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ವಯಸ್ಸಾಗ್ಯಾದ ನಿನಗ, ಕೈ ಓಡವಲ್ವು" ಅಂತ ನಕ್ಕ. ಮಗ ತಿರುಗಿ ಕೂಡ ನೋಡಲಿಲ್ಲ. ಆದರೆ ನನ್ನ ಹೆಬ್ಬೆರಳಿಗೆ ಗೊತ್ತು. ಮೊದಲ ಸ್ಟೇಜಿನ ಮೊದಲ ತಗ್ಗಿನ ಹತ್ತಿರ ಯಾವಾಗ ಜಿಗಿಯಬೇಕು ಅನ್ನೋದನ್ನ ಅದು ಇಪ್ಪತ್ತೈದು ವರ್ಷದಿಂದ ನೆನಪಿಟ್ಟುಕೊಂಡಿದೆ. ಹೊಸ ಸ್ಟಿಕ್ ತಂದ ದಿನ ಅದೇ ತಗ್ಗಿಗೆ ನಾಲ್ಕು ಸಲ ಬಿದ್ದೆ.

ತಂದು ಈಗ ಎರಡೂವರೆ ವರ್ಷ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ 1,900 ರೂಪಾಯಿ ಕೊಟ್ಟೆ. ಪೆನ್‌ಡ್ರೈವ್‌ಗಿಂತ ಸ್ವಲ್ಪ ದೊಡ್ಡದು. ಎಚ್‌ಡಿಎಂಐ ಕಡೆ ಚುಚ್ಚೋದು, ಎರಡು ವೈರ್‌ಲೆಸ್ ರಿಮೋಟ್, ಒಳಗೆ 64 ಜಿಬಿ ಕಾರ್ಡ್. ಡಬ್ಬಿಯ ಮೇಲೆ "10,000 ಗೇಮ್" ಅಂತ ಬರೆದಿತ್ತು. ಕೈಯಲ್ಲಿ ಹಿಡಿದು ಬಟನ್ ಒತ್ತುವುದಕ್ಕೆ ನಮ್ಮ ಕಡೆ ಜಾಯ್‌ಸ್ಟಿಕ್ ಅಂತ ಅಂಗಡಿಯವರು ಹೇಳ್ತಾರೆ, ಹುಡುಗರು ರಿಮೋಟ್ ಅಂತಾರೆ. ನಾನೂ ರಿಮೋಟ್ ಅಂತಲೇ ಬರೆಯುತ್ತೇನೆ.

ಇದನ್ನ ಯಾವುದರ ಜೊತೆ ಹೋಲಿಸುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಬೇಕು. ನಮಗೆ "ಒರಿಜಿನಲ್" ಅಂದರೆ ತೊಂಬತ್ತರ ದಶಕದ ಕೊನೆಗೆ ಅಪ್ಪ ತಂದುಕೊಟ್ಟ ಬಿಳಿ ಪೆಟ್ಟಿಗೆ. ಕ್ಯಾಸೆಟ್ ಹಾಕಿ ಆಡುವಂಥದ್ದು. ಅದು ಕೂಡ ನಕಲೇ ಅನ್ನೋದು ಬಹಳ ತಡವಾಗಿ ಗೊತ್ತಾಯಿತು. ನಿಜವಾದ ಒರಿಜಿನಲ್ ಅಂದರೆ ಜಪಾನಿನ ನಿಂಟೆಂಡೊ 1983ರಲ್ಲಿ ಮಾರಲು ಶುರು ಮಾಡಿದ ಫ್ಯಾಮಿಕಾಮ್. ಅದನ್ನ ನಾನು ಕಣ್ಣಿಂದ ನೋಡಿಯೇ ಇಲ್ಲ. ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ. ಆದರೆ ಆಟಗಳು ಅವೇ. ಮಾರಿಯೋ, ಕಾಂಟ್ರಾ, ಟ್ಯಾಂಕ್, ರೋಡ್ ಫೈಟರ್, ಸರ್ಕಸ್. ಟ್ಯಾಂಕ್‌ನ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯದು, 1985ರದ್ದು. ಹಾಗಂತ ಆ ಕಾಲಕ್ಕೆ ಹೇಳಿದ್ದರೆ ಯಾರಿಗೂ ತಿಳೀತಿರಲಿಲ್ಲ.

ಮನೆಯಲ್ಲಿ ಒಂದನೇ ರಿಮೋಟ್ ಅಣ್ಣನದು. ಎರಡನೇದು ನನ್ನದು. ಇದು ಸಣ್ಣ ವಿಷಯ ಅಲ್ಲ. ಎರಡನೇ ರಿಮೋಟ್‌ನಲ್ಲಿ ಸ್ಟಾರ್ಟ್ ಬಟನ್ ಇರುತ್ತಿರಲಿಲ್ಲ, ಸೆಲೆಕ್ಟ್ ಬಟನ್ನೂ ಇಲ್ಲ. ನಮ್ಮ ಪೆಟ್ಟಿಗೆ ಮಾಡಿದವರು ದುಡ್ಡು ಉಳಿಸಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ತಿಳೀತು, ಜಪಾನಿನ ಒರಿಜಿನಲ್‌ನಲ್ಲೂ ಹಾಗೇ. ಅಲ್ಲಿ ಎರಡನೇ ರಿಮೋಟ್‌ನಲ್ಲಿ ಅವುಗಳ ಬದಲು ಒಂದು ಮೈಕ್ ಇತ್ತಂತೆ. ನನಗೆ ಅದೂ ಇಲ್ಲ. ಟ್ಯಾಂಕ್ ಆಡುವಾಗ ಅಣ್ಣ ಹಳದಿ ಟ್ಯಾಂಕ್, ನಾನು ಹಸಿರು. ನಾನು ಇನ್ನೇನು ಗುಂಡು ಹೊಡೆಯಬೇಕು ಅನ್ನುವಾಗ ಅವನು ಸ್ಟಾರ್ಟ್ ಒತ್ತಿ ಆಟ ನಿಲ್ಲಿಸೋನು. ಬಿಟ್ಟ ಕೂಡಲೇ ನನ್ನ ಟ್ಯಾಂಕ್ ಸತ್ತಿರೋದು.

ಇನ್ನು ಸ್ಪೀಡ್ ವಿಷಯ. ನಮ್ಮ ಓಣಿಯಲ್ಲಿ ಟೀವಿ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಈಗ ಹಳೆ ಟೀವಿ ಯಾರೂ ತರೋದಿಲ್ಲ, ಹಾಗಾಗಿ ಮಾತಾಡೋಕೆ ಟೈಮ್ ಇರುತ್ತೆ. ಅವರಿಗೆ ಹೇಳಿದೆ. "ನಿನ್ನ ಕೈದು ತಪ್ಪಿಲ್ಲ ತಂಗಿ, ನಮ್ಮ ಟೀವಿದು ಅದ" ಅಂದರು. ನಮ್ಮ ದೇಶದ ಹಳೆ ಟೀವಿಗಳು ಪ್ಯಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ಪರದೆ ಬರೀತವೆ. ಜಪಾನ್, ಅಮೆರಿಕದ ಟೀವಿಗಳು 60 ಸಲ. ಈ ಆಟಗಳನ್ನ 60ಕ್ಕೆ ಲೆಕ್ಕ ಹಾಕಿ ಮಾಡಿದ್ದು. ನಮ್ಮ ಕಡೆಯ ಪೆಟ್ಟಿಗೆಯಲ್ಲಿ ಅದೇ ಆಟ 50ಕ್ಕೆ ಓಡುತ್ತೆ. ಅಂದರೆ ಅಲ್ಲಿಯ 60 ಸೆಕೆಂಡಿನ ಆಟ ಇಲ್ಲಿ 72 ಸೆಕೆಂಡ್. ಬಾಲ್ಯ ಪೂರ್ತಿ ನಾವು ಆಡಿದ್ದು ನಿಧಾನ ಮಾರಿಯೋ!

ನಂಬಿಕೆ ಬರಲಿಲ್ಲ. ತವರುಮನೆಯ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಹಳೆ 21 ಇಂಚಿನ ಡಬ್ಬಾ ಟೀವಿ ಅಲ್ಲೇ ಇತ್ತು. ಕ್ಯಾಸೆಟ್ ಊದಿ ಹಾಕಿದೆ. ಊದೋದರಿಂದ ಏನೂ ಉಪಯೋಗ ಇಲ್ಲ, ಬಾಯಿಯ ಪಸೆಗೆ ಪಿನ್ ಕಿಲುಬು ಹಿಡಿಯುತ್ತೆ ಅಂತ ಕಾಕಾ ಬೈತಾರೆ. ಆದರೂ ಊದಿದೆ. ಮೂರನೇ ಸಲಕ್ಕೆ ಬಂತು. ಮೊದಲ ಸ್ಟೇಜಿನಲ್ಲಿ ಮಾರಿಯೋನನ್ನ ಅಲ್ಲಾಡಿಸದೆ ನಿಲ್ಲಿಸಿದೆ. ಮೇಲೆ ಟೈಮ್ 400ರಿಂದ ಕೆಳಗೆ ಇಳೀತಾ ಬರುತ್ತಲ್ಲ, ಅದು 300ಕ್ಕೆ ಬರುವ ತನಕ ಫೋನಿನಲ್ಲಿ ನೋಡಿಕೊಂಡೆ. ಹಳೆ ಪೆಟ್ಟಿಗೆಯಲ್ಲಿ 48 ಸೆಕೆಂಡ್. ಮನೆಗೆ ಬಂದು ಹೊಸ ಸ್ಟಿಕ್‌ನಲ್ಲಿ ನೋಡಿದೆ. 40. ನೀವೂ ಮಾಡಿ ನೋಡಬಹುದು, ಯಾವ ಯಂತ್ರ ಯಾವ ಲೆಕ್ಕದಲ್ಲಿ ಓಡ್ತಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ. ಅಣ್ಣನಿಗೆ ಎರಡೂ ವಿಡಿಯೋ ಕಳಿಸಿದೆ. ಉತ್ತರ ಬರಲಿಲ್ಲ.

ಈ ಲೆಕ್ಕದಲ್ಲಿ ನೋಡಿದರೆ ಜಪಾನಿನ ಒರಿಜಿನಲ್‌ಗೆ ಹತ್ತಿರ ಇರೋದು 1,900 ರೂಪಾಯಿಯ ಸ್ಟಿಕ್ಕೇ. ಅದು ಸರಿ. ಆದರೆ ಸ್ಪೀಡ್ ಸರಿ ಇದ್ದರೆ ಸಾಕಾಗಲ್ಲ. ಬಟನ್ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ಕೂದಲೆಳೆಯಷ್ಟು ತಡ ಇದೆ. ಹಳೆ ಪೆಟ್ಟಿಗೆ, ಹಳೆ ಟೀವಿಯಲ್ಲಿ ಅದು ಇಲ್ಲವೇ ಇಲ್ಲ, ಒತ್ತಿದರೆ ಜಿಗಿದ. ಸ್ಟಿಕ್‌ನಲ್ಲಿ ರಿಮೋಟ್‌ನ ರೇಡಿಯೋ ಸ್ವಲ್ಪ, ಆಟ ಓಡಿಸುವ ಸಾಫ್ಟ್‌ವೇರ್ ಸ್ವಲ್ಪ, ಎಲ್ಲಕ್ಕಿಂತ ಜಾಸ್ತಿ ಟೀವಿ. ಈಗಿನ ಎಲ್‌ಇಡಿ ಟೀವಿ ಚಿತ್ರವನ್ನ ತಗೊಂಡು, ತಿದ್ದಿ, ಹೊಳಪು ಕೊಟ್ಟು ಆಮೇಲೆ ತೋರಿಸುತ್ತೆ. ಟೀವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಅಂತ ಇದ್ದರೆ ಹಾಕಿ. ನಮ್ಮ ಮನೆಯಲ್ಲಿ ಅದನ್ನ ಹಾಕಿದ ಮೇಲೆ ಅರ್ಧ ತೊಂದರೆ ಹೋಯಿತು. ಇದನ್ನ ಕಂಡುಹಿಡಿಯೋಕೆ ನನಗೆ ಎಂಟು ತಿಂಗಳು ಬೇಕಾಯಿತು. ಅಷ್ಟು ದಿನ ಸುಮ್ನೆ ರಿಮೋಟ್‌ಗೆ ಬೈತಿದ್ದೆ.

ಅಲ್ಲೇ ಇನ್ನೊಂದು ಸೆಟ್ಟಿಂಗ್ ಬದಲಿಸಿ. ಈ ಆಟಗಳ ಪರದೆ ಹಳೆ ಟೀವಿಯ ಆಕಾರಕ್ಕೆ ಮಾಡಿದ್ದು, 4:3. ಸ್ಟಿಕ್ ಅದನ್ನ ಎಳೆದು ಅಗಲ ಮಾಡುತ್ತೆ. ಮಾರಿಯೋ ಹಬ್ಬದ ಹೋಳಿಗೆ ಜಾಸ್ತಿ ತಿಂದವನ ಹಾಗೆ ಕಾಣುತ್ತಾನೆ. ಟೀವಿಯಲ್ಲೇ 4:3 ಮಾಡಿದರೆ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ, ಮನುಷ್ಯ ಮೊದಲಿನ ಹಾಗಾಗ್ತಾನೆ. ಮಗನಿಗೆ ಕಪ್ಪು ಪಟ್ಟಿ ಇಷ್ಟ ಇಲ್ಲ. ಜಗಳ ನಡೀತಾನೇ ಇದೆ.

ಹತ್ತು ಸಾವಿರ ಗೇಮ್ ಅನ್ನೋದು ಸುಳ್ಳಲ್ಲ, ಹಾಗಂತ ನಿಜವೂ ಅಲ್ಲ. ಕಾಂಟ್ರಾ ಒಂದೇ ಬೇರೆ ಬೇರೆ ಹೆಸರಲ್ಲಿ ಹತ್ತಾರು ಸಲ ಸಿಕ್ಕಿತು. ಒಂದರಲ್ಲಿ ಚಾನ್ಸ್ ಜಾಸ್ತಿ, ಒಂದರಲ್ಲಿ ಎರಡನೇ ಸ್ಟೇಜಿನಿಂದ ಶುರು, ಇನ್ನೊಂದು ಚೀನೀ ಅಕ್ಷರದ್ದು. ನಮ್ಮ ಹಳೆ ಕ್ಯಾಸೆಟ್‌ಗಳ ಮೇಲೂ 9999999 ಅಂತ ಇರುತ್ತಿತ್ತು, ಒಳಗೆ ಅದೇ ನಾಲ್ಕೈದು ಆಟ ತಿರುಗಿ ತಿರುಗಿ ಬರೋವು. ಆ ವಿಷಯದಲ್ಲಿ ಹೊಸದು ಹಳೆಯದಕ್ಕೆ ಬಹಳ ನಿಷ್ಠೆಯಿಂದ ಇದೆ ಅನ್ನಬೇಕು. ಬಾತುಕೋಳಿ ಹೊಡೆಯುವ ಆಟವೂ ಪಟ್ಟಿಯಲ್ಲಿದೆ, ಬಂದೂಕು ಇಲ್ಲ! ಹಳೆ ಬಂದೂಕು ಇದ್ದರೂ ಕೆಲಸ ಮಾಡಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಬೆಳ್ಳಗಾಗುತ್ತೆ. ಬಂದೂಕಿನ ಕಣ್ಣು ಆ ಬೆಳಕನ್ನ ನೋಡೋದು. ಡಬ್ಬಾ ಟೀವಿ ಬೆಳಕನ್ನ ಕೂಡಲೇ ತೋರಿಸುತ್ತೆ, ಎಲ್‌ಇಡಿ ಟೀವಿ ತಡ ಮಾಡುತ್ತೆ. ಅಷ್ಟರಲ್ಲಿ ಬಂದೂಕು ಗುರಿ ತಪ್ಪಿತು ಅಂತ ತೀರ್ಮಾನ ಮಾಡಿರುತ್ತೆ.

ನನ್ನ ಹತ್ತಿರ ಮೂರನೇ ಒಂದು ಸಾಮಾನೂ ಇದೆ. ನಿಜವಾದ ಅರ್ಥದ ಜಾಯ್‌ಸ್ಟಿಕ್. ಯಜಮಾನರ ಅಣ್ಣ ಬಹಳ ಹಿಂದೆ ಅಮೆರಿಕದಿಂದ ತಂದದ್ದು. ಹಿಡಿಕೆ, ಬಟನ್, ಆಟ ಎಲ್ಲ ಒಂದರಲ್ಲೇ. ನಾಲ್ಕು ಪೆನ್ಸಿಲ್ ಸೆಲ್ ಹಾಕಿ, ಹಳದಿ ಬಿಳಿ ಪಿನ್ ಟೀವಿಗೆ ಚುಚ್ಚಿದರೆ ಆಯಿತು. ಒಳಗೆ ಪ್ಯಾಕ್‌ಮ್ಯಾನ್, ಗ್ಯಾಲಕ್ಸಿಯನ್, ಡಿಗ್ ಡಗ್, ರ‍್ಯಾಲಿ ಎಕ್ಸ್, ಬಾಸ್ಕೋನಿಯನ್ ಅಂತ ಐದು ಆಟ. ಐದೇ ಐದು, ಆದರೆ ಒಂದೂ ಕಸ ಅಲ್ಲ. ತಂದ ದಿನ ಡಬ್ಬಾ ಟೀವಿಗೆ ಚುಚ್ಚಿದರೆ ಧ್ವನಿ ಚೆನ್ನಾಗಿ ಬಂತು, ಚಿತ್ರ ಮಾತ್ರ ಕಪ್ಪು ಬಿಳುಪು, ಮೇಲಿಂದ ಕೆಳಗೆ ಉರುಳ್ತಾ ಇತ್ತು. "ಪಿಕ್ಚರ್ ಟ್ಯೂಬ್ ಹೋಗ್ತದ, ತಗೀರಿ ಅದನ್ನ" ಅಂತ ಅವ್ವ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ವಿಡಿಯೋ ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತೆ ಅನ್ನೋದು ಆಗ ಎಲ್ಲ ಅವ್ವಂದಿರ ನಂಬಿಕೆ, ಅಲ್ವಾ? ಹೋಗಲಿಲ್ಲ. ಸ್ಟಿಕ್ ಅಮೆರಿಕದ ಪದ್ಧತಿಯದು, ಟೀವಿ ನಮ್ಮದು, ಅಷ್ಟೇ. ಈಗಿನ ಟೀವಿಗಳು ಎರಡನ್ನೂ ಓದುತ್ತವೆ, ಬಣ್ಣ ಬರುತ್ತೆ.

ಪ್ಯಾಕ್‌ಮ್ಯಾನ್ 1980ರಲ್ಲಿ ಬಂದದ್ದು ನಿಂತು ಆಡುವ ದೊಡ್ಡ ಪೆಟ್ಟಿಗೆಯಲ್ಲಿ. ಹೈದರಾಬಾದಿನಲ್ಲಿ ಒಂದು ಸಲ ಅಂಥದ್ದು ಸಿಕ್ಕಿತ್ತು, ಮಕ್ಕಳನ್ನ ಬಿಟ್ಟು ನಾನೇ ಅರ್ಧ ತಾಸು ನಿಂತಿದ್ದೆ. ಅದರ ಪರದೆ ಎದ್ದು ನಿಂತ ಬಾಗಿಲಿನ ಹಾಗೆ, ಉದ್ದ. ನಮ್ಮ ಟೀವಿ ಮಲಗಿದ ಬಾಗಿಲು. ಹಾಗಾಗಿ ಮನೆಯ ಸ್ಟಿಕ್‌ನಲ್ಲಿ ಓಣಿಗಳು ಅದುಮಿದ ಹಾಗೆ ಕಾಣುತ್ತವೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಹಿಡಿಕೆಯದು. ದೊಡ್ಡ ಪೆಟ್ಟಿಗೆಯ ಹಿಡಿಕೆ ನಾಲ್ಕೇ ದಿಕ್ಕಿಗೆ ಹೋಗುತ್ತೆ, ಮೂಲೆಗೆ ಹೋಗೋದೇ ಇಲ್ಲ. ತಿರುವಿನಲ್ಲಿ ಕೈ ತಪ್ಪಲ್ಲ. ಮನೆಯದರಲ್ಲಿ ಕೆಳಗಿರೋದು ರಬ್ಬರ್, ಅದರ ತುದಿಗೆ ಕಾರ್ಬನ್. ಒತ್ತಿದಾಗ ಮೆತ್ತಗೆ ಕೂರುತ್ತೆ, "ಟಿಕ್" ಅನ್ನಲ್ಲ. ಮೇಲೆ ತಿರುಗಿಸಿದೆನೋ ಇಲ್ಲವೋ ಅಂತ ಅನುಮಾನ ಬರೋದರೊಳಗೆ ದೆವ್ವ ಹಿಡಿದಿರುತ್ತೆ.

ಇಂಥ ಸ್ಟಿಕ್‌ಗಳ ಹೊಟ್ಟೆಯಲ್ಲಿ ಇರೋದು ಹೆಸರಿಗೆ ತಕ್ಕಂತೆಯೇ ಇರಬೇಕು ಅಂತೇನಿಲ್ಲ. 2002ರಲ್ಲಿ ಅಮೆರಿಕದಲ್ಲಿ ಅಟಾರಿ ಅನ್ನುವ ಹಳೆ ವಿಡಿಯೋ ಗೇಮ್‌ನ ಹಿಡಿಕೆಯ ಆಕಾರದಲ್ಲೇ ಹತ್ತು ಆಟದ ಸ್ಟಿಕ್ ಬಂದಿತ್ತು. ಒಳಗೆ ಅಟಾರಿಯ ಚಿಪ್ ಇರಲಿಲ್ಲ, ನಿಂಟೆಂಡೊ ನಕಲಿನ ಚಿಪ್ ಇತ್ತು, ಆಟಗಳನ್ನ ಹೊಸದಾಗಿ ಬರೆದಿದ್ದರು. 2004ರಲ್ಲಿ ಜೆರಿ ಎಲ್ಸ್‌ವರ್ತ್ ಅನ್ನುವ ಎಂಜಿನಿಯರ್ ಹೆಣ್ಣುಮಗಳು ಕಮೊಡೋರ್ 64 ಕಂಪ್ಯೂಟರನ್ನೇ ಒಂದು ಚಿಪ್ಪಿಗೆ ಇಳಿಸಿ, 30 ಆಟ ಹಾಕಿ ಜಾಯ್‌ಸ್ಟಿಕ್ ಒಳಗೆ ಕೂರಿಸಿದಳು. ಹೊರಗಿಂದ ಎರಡೂ ಆಟಿಕೆಯೇ, ಆದರೆ ನಕಲು ಮಾಡೋದರಲ್ಲೂ ಪ್ರಾಮಾಣಿಕತೆ ಇರುತ್ತೆ ನೋಡಿ. ನಮ್ಮ ಹಳೆ ಬಿಳಿ ಪೆಟ್ಟಿಗೆಯನ್ನ ಕಾಕಾ ಬಿಚ್ಚಿದಾಗ ಒಳಗೆ ಕಂಡದ್ದು ಒಂದು ಕರಿ ಹನಿ. ಟಾರ್ ಬಿದ್ದಂಗೆ. ಅದರ ಕೆಳಗೇ ಪೂರ್ತಿ ಯಂತ್ರ ಅಂತೆ. ಉಳಿದ ಪೆಟ್ಟಿಗೆ ಖಾಲಿ. ಇಷ್ಟು ದೊಡ್ಡದು ಯಾಕೆ ಮಾಡಿದರೋ!

ಈಗ ಬಾಳಿಕೆ. ಸ್ಟಿಕ್‌ನ ಎರಡನೇ ರಿಮೋಟ್ ಹದಿನಾಲ್ಕನೇ ತಿಂಗಳಿಗೆ ಎಡಕ್ಕೆ ಹೋಗೋದು ನಿಲ್ಲಿಸಿತು. (ಎರಡನೇದೇ ಹೋಗಬೇಕಾ?) ಬಿಚ್ಚಿ, ರಬ್ಬರಿನ ಕರಿ ತುದಿ ಮತ್ತು ಬೋರ್ಡಿನ ಆ ಜಾಗವನ್ನ ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿದೆ. ಆರು ತಿಂಗಳು ನಡೀತು. ಆಮೇಲೆ 350 ರೂಪಾಯಿಯ ಯುಎಸ್‌ಬಿ ವೈರ್ ರಿಮೋಟ್ ತಂದೆ. ವೈರ್ ಇರೋದೇ ಚೆನ್ನ, ಸೆಲ್ ಬೇಡ. ವೈರ್‌ಲೆಸ್ ರಿಮೋಟ್ ಎರಡೆರಡು ಸಣ್ಣ ಸೆಲ್ ತಿನ್ನುತ್ತೆ, ಬೇಸಿಗೆ ಸೂಟಿಯಲ್ಲಂತೂ ಹದಿನೈದು ದಿನಕ್ಕೊಮ್ಮೆ.

ಮೇ ತಿಂಗಳಲ್ಲಿ ಇನ್ನೊಂದು ತೊಂದರೆ. ಹೊರಗೆ 43 ಡಿಗ್ರಿ, ಟೀವಿ ಹಿಂದೆ ಗಾಳಿ ಇಲ್ಲ, ಸ್ಟಿಕ್ ಮುಟ್ಟಿದರೆ ಈಗಷ್ಟೇ ಹಂಚಿನಿಂದ ತೆಗೆದ ರೊಟ್ಟಿಯಂತೆ ಬಿಸಿ. ತಾಸು ಆದ ಮೇಲೆ ತಾನೇ ಬಂದ್ ಆಗಿ ಶುರುವಾಗುತ್ತೆ. ಟೀವಿಯ ಯುಎಸ್‌ಬಿಯಿಂದ ಕರೆಂಟ್ ಕೊಡೋದು ಬಿಟ್ಟು ಹಳೆ ಮೊಬೈಲ್ ಅಡಾಪ್ಟರ್‌ಗೆ ಹಾಕಿದೆ, ಡಬ್ಬಿಯಲ್ಲಿ ಬಂದ ಸಣ್ಣ ಎಚ್‌ಡಿಎಂಐ ವೈರ್‌ನಿಂದ ಸ್ಟಿಕ್ಕನ್ನ ಟೀವಿ ಮುಂದಕ್ಕೆ ತಂದೆ. ಕಡಿಮೆ ಆಯಿತು. ಆದರೆ ಒಂದು ಸಲ ಆಟದ ನಡುವೆ ಕರೆಂಟ್ ಹೋಗಿ ಕಾರ್ಡ್ ಕೆಟ್ಟಿತು, ಎಲ್ಲ ಆಟ ಹೋದವು. ಅಂಗಡಿಯವರಿಗೆ ತೋರಿಸಿದರೆ "ಗ್ಯಾರಂಟಿ ಇಲ್ರಿ ಅಕ್ಕಾರ, ಚೀನಾ ಮಾಲ್" ಅಂದರು. ಕೊಡುವಾಗ ಈ ಮಾತು ಹೇಳಿರಲಿಲ್ಲ. ತಂದ ಮೊದಲ ದಿನವೇ ಕಾರ್ಡಿನ ಪೂರ್ತಿ ನಕಲನ್ನ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ನನ್ನ ತಮ್ಮನಂಥವನೊಬ್ಬ ಪಕ್ಕದ ಮನೆಯಲ್ಲಿದ್ದ, ಅವನೂ ಇದೇ ಸ್ಟಿಕ್ ತಂದಿದ್ದ, ಹಾಗಾಗಿ ಬಚಾವಾದೆ.

ಅಮೆರಿಕದ ಸ್ಟಿಕ್‌ಗೆ ಬೇರೆಯೇ ಕಾಯಿಲೆ. ಸೆಲ್ ತೆಗೆಯದೆ ಕಪಾಟಿನಲ್ಲಿ ಇಟ್ಟಿದ್ದೆ, ಸೋರಿ ಬಿಳಿ ಪುಡಿ ಕಟ್ಟಿತ್ತು. ನಿಂಬೆರಸ ಹಚ್ಚಿ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದೆ. ಸರಿಹೋಯಿತು. ಬಂದ್ ಮಾಡಿದ ಕೂಡಲೇ ಸ್ಕೋರ್ ಅಳಿಸಿ ಹೋಗುತ್ತೆ, ಅದಕ್ಕೆ ನಾವು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡ್ತೇವೆ. ಹಾಲಿನ ಲೆಕ್ಕದ ಪಕ್ಕದಲ್ಲೇ.

ಯಾರು ತಗೋಬೇಕು? ಮನೆಯಲ್ಲಿ ಹಳೆ ಪೆಟ್ಟಿಗೆ ಮತ್ತು ಡಬ್ಬಾ ಟೀವಿ ಎರಡೂ ನಡೀತಿದ್ದರೆ ಏನೂ ತಗೋಬೇಡಿ, ಅದನ್ನೇ ಒರೆಸಿ ಆಡಿ. ಇಲ್ಲದವರಿಗೆ ಸ್ಟಿಕ್ ಪರವಾಗಿಲ್ಲ, 2,000 ದಾಟಿ ಕೊಡಬೇಡಿ, ವೈರ್ ರಿಮೋಟ್‌ಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ಐದಕ್ಕೆ ಮೂರು ಕೊಡುತ್ತೇನೆ. ಅಮೆರಿಕದ ಜಾಯ್‌ಸ್ಟಿಕ್‌ಗೆ ನಾಲ್ಕು, ಆದರೆ ಅದು ಇಲ್ಲಿ ಸಿಗಲ್ಲ.

ಹೋದ ಸಲ ಅಪ್ಪನ ಜಾತ್ರೆಗೆ (ಕಲಬುರಗಿಯ ಶರಣಬಸವೇಶ್ವರ ಜಾತ್ರೆ) ಅಣ್ಣ ಬಂದಿದ್ದ. ಊಟ ಆದ ಮೇಲೆ "ಟ್ಯಾಂಕ್ ಹಾಕ್" ಅಂದ. ಮನೆ ನನ್ನದು, ಒಂದನೇ ರಿಮೋಟ್ ನನ್ನ ಕೈಲಿತ್ತು. ಮೂರನೇ ಸ್ಟೇಜಿನಲ್ಲಿ ಅವನ ಹಸಿರು ಟ್ಯಾಂಕಿನ ಎದುರಿಗೆ ವೈರಿ ಬಂದಾಗ ನಾನು ಸ್ಟಾರ್ಟ್ ಒತ್ತಿ, ರಿಮೋಟ್ ಕೆಳಗಿಟ್ಟು, ಚಹಾ ಮಾಡೋಕೆ ಒಳಗೆ ಹೋದೆ.