ಮಾಂಸದ ಕೋಳಿ ಮನೆಯಲ್ಲೇ ಸಾಕಿದರೆ: ಮೂರು ಬ್ಯಾಚ್‌ಗಳ ಲೆಕ್ಕ

ಮನೆಯಲ್ಲಿ ಸಾಕಿದ ಕೋಳಿಯ ಮಾಂಸ ಅಗ್ಗವೋ ದುಬಾರಿಯೋ ಎಂಬುದನ್ನು ಕೋಳಿಯೊಂದಕ್ಕೆ ಇಷ್ಟು ಖರ್ಚು ಎಂದು ಲೆಕ್ಕ ಹಾಕಿದ್ದೇ ನನ್ನ ಮೊದಲ ತಪ್ಪು. ಜೀವಂತ ತೂಕದಲ್ಲಿ ಪುಕ್ಕ, ರಕ್ತ, ಕರುಳು ಎಲ್ಲವೂ ಸೇರಿರುತ್ತವೆ. ತಳಿಯಿಂದ ತಳಿಗೆ ಆ ಪಾಲು ಬೇರೆ. ಹೀಗಾಗಿ ಶುಚಿಮಾಡಿದ ಒಂದು ಕಿಲೋ ಮಾಂಸಕ್ಕೆ ಎಷ್ಟು ಕಿಲೋ ಆಹಾರ ಹೋಯಿತು, ಎಷ್ಟು ನಿಮಿಷದ ದುಡಿಮೆ ಹಿಡಿಯಿತು ಎಂದು ಬರೆದಿಡತೊಡಗಿದೆ. ಸಾಕಣೆಯ ಖರ್ಚಿನಲ್ಲಿ ಸಾಮಾನ್ಯವಾಗಿ 60ರಿಂದ 70 ಪ್ರತಿಶತ ಆಹಾರದ್ದೇ ಆಗಿರುವುದರಿಂದ, ಏರಿಳಿಯುವ ಬೆಲೆಗಳಿಗಿಂತ ಈ ಅಳತೆ ಹೆಚ್ಚು ನಂಬಿಕೆಗೆ ಅರ್ಹವೆನಿಸಿತು.

ಒಂದರ ನಂತರ ಒಂದರಂತೆ ಮೂರು ಬಗೆಯ ಮರಿಗಳನ್ನು, ಪ್ರತಿ ಸಲವೂ 20ರಂತೆ, ಸಾಕಿ ನೋಡಿದೆ: ವೇಗವಾಗಿ ಬೆಳೆಯುವ ಬಿಳಿ ಬ್ರಾಯ್ಲರ್, ನಿಧಾನವಾಗಿ ಬೆಳೆಯುವ ಬಣ್ಣದ ಮಾಂಸದ ತಳಿ, ಮತ್ತು ಮೊಟ್ಟೆಯ ತಳಿಯ ಹುಂಜದ ಮರಿಗಳು. ಕೊನೆಯವು ಮೊಟ್ಟೆ ಇಡುವುದಿಲ್ಲವಾದ್ದರಿಂದ ಬಹುತೇಕ ಪುಕ್ಕಟೆಯಾಗಿ ಸಿಕ್ಕವು, ಆ ಪುಕ್ಕಟೆಯ ಆಸೆಯೇ ನನ್ನನ್ನು ಅತ್ತ ಎಳೆದದ್ದು.

ಬ್ರಾಯ್ಲರ್‌ಗಳಲ್ಲಿ ಒಂದು ಮರಿ ಮೊದಲ ವಾರದಲ್ಲೇ ಸತ್ತಿತು, ಮತ್ತೊಂದು ಆರನೆಯ ವಾರದಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು. ಮೈ ಬೆಳೆಯುವ ವೇಗಕ್ಕೆ ಹೃದಯವೂ ಶ್ವಾಸಕೋಶವೂ ಸಾಟಿಯಾಗದಿದ್ದಾಗ ಈ ತಳಿಯಲ್ಲಿ ಹೀಗಾಗುತ್ತದೆ. ರಾತ್ರಿ ಆಹಾರ ತೆಗೆದಿಟ್ಟು ಬೆಳವಣಿಗೆಯನ್ನು ತುಸು ತಡೆದರೆ ಅದು ಕಡಿಮೆಯಾಗುತ್ತದೆಂದು ಆಮೇಲೆ ತಿಳಿಯಿತು. ಉಳಿದ 18 ಕೋಳಿಗಳು 49ನೆಯ ದಿನ ಸರಾಸರಿ 2.6 ಕಿಲೋ ತೂಗಿದವು. ಸತ್ತವು ತಿಂದದ್ದೂ ಸೇರಿ 98 ಕಿಲೋ ಆಹಾರ ಖರ್ಚಾಯಿತು, ಅಂದರೆ ಎಫ್‌ಸಿಆರ್ (ಒಂದು ಕಿಲೋ ಜೀವಂತ ತೂಕಕ್ಕೆ ಎಷ್ಟು ಕಿಲೋ ಆಹಾರ ಎಂಬ ಅಳತೆ) 2.1. ದೊಡ್ಡ ಫಾರ್ಮ್‌ಗಳು ಇದಕ್ಕಿಂತ ಸಾಕಷ್ಟು ಕಡಿಮೆಯಲ್ಲಿ ಮುಗಿಸುತ್ತವೆ. ನನ್ನ ಆಹಾರದ ಡಬ್ಬಿಗಳು ಮೊದಲ ಮೂರು ವಾರ ತೀರ ಕೆಳಗಿದ್ದು, ಕೋಳಿಗಳು ತಿಂದಷ್ಟೇ ಕೆದರಿ ಚೆಲ್ಲಿದವು. ಡಬ್ಬಿಯ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಏರಿಸಿದ ಮೇಲೆ ಚೆಲ್ಲುವುದು ಬಹುಪಾಲು ನಿಂತಿತು. ಶುಚಿಮಾಡಿದಾಗ ಒಟ್ಟು 33.7 ಕಿಲೋ ಮಾಂಸ ಸಿಕ್ಕಿತು. ಕಿಲೋ ಮಾಂಸಕ್ಕೆ 2.9 ಕಿಲೋ ಆಹಾರ.

ಬಣ್ಣದ ತಳಿಯ 19 ಕೋಳಿಗಳು ಉಳಿದವು. ಅವು ಓಡಾಡುತ್ತವೆ, ಹುಳ ಹೆಕ್ಕುತ್ತವೆ, ಕಾಲು ನೋವಿನಿಂದ ಕುಸಿದು ಕೂರುವುದಿಲ್ಲ. ನೋಡಲು ಇವೇ ಚೆಂದ. ಆದರೆ 2.4 ಕಿಲೋ ತಲುಪಲು 84 ದಿನ ಬೇಕಾಯಿತು, 137 ಕಿಲೋ ಆಹಾರ ಹೋಯಿತು, ಮಾಂಸ ಸುಮಾರು 31.9 ಕಿಲೋ ಆಯಿತು. ಕಿಲೋ ಮಾಂಸಕ್ಕೆ 4.3 ಕಿಲೋ ಆಹಾರ ಬಿತ್ತು. ಹೆಕ್ಕಿದ ಹುಳ ಹುಪ್ಪಟೆಗಳಿಂದ ಆಹಾರದ ಖರ್ಚು ತಗ್ಗುತ್ತದೆಂಬ ನನ್ನ ನಿರೀಕ್ಷೆ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಮಾಂಸ ಮಾತ್ರ ಗಟ್ಟಿ, ರುಚಿ ಹೆಚ್ಚು. ಆ ರುಚಿಗೆ ಕಿಲೋಗೆ 1.4 ಕಿಲೋ ಹೆಚ್ಚಿನ ಆಹಾರ ತೆತ್ತಂತಾಯಿತು.

ಪುಕ್ಕಟೆ ಹುಂಜಗಳ ಕಥೆ ಬೇಗ ಹೇಳಿ ಮುಗಿಸಬಹುದು. 18 ವಾರ ಸಾಕಿದ 18 ಹುಂಜಗಳು ಸರಾಸರಿ 1.9 ಕಿಲೋಗೆ ಬಂದವು, 155 ಕಿಲೋ ಆಹಾರ ತಿಂದವು, ಎದೆಯ ಮಾಂಸ ತೆಳುವಾಗಿದ್ದು ಒಟ್ಟು 22.2 ಕಿಲೋ ಮಾತ್ರ ಸಿಕ್ಕಿತು. ಕಿಲೋ ಮಾಂಸಕ್ಕೆ 7 ಕಿಲೋ ಆಹಾರ! ಮರಿಯ ಬೆಲೆಯಲ್ಲಿ ಉಳಿದದ್ದು, ಬ್ರಾಯ್ಲರ್‌ಗಿಂತ ತಲಾ ಮೂರು ಕಿಲೋಗೂ ಮಿಕ್ಕಿ ತಿಂದ ಆಹಾರದಲ್ಲೇ ಕರಗಿತು. ಸಾಲದೆಂಬಂತೆ ನಾಲ್ಕು ತಿಂಗಳ ಕೂಗು, ಜಗಳ, ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಬದಲಿಸುವ ಕೆಲಸ ಬೇರೆ.

ಮೂರಕ್ಕೂ ಸಮಾನವಾಗಿದ್ದದ್ದು ಮರಿಗಳನ್ನು ಬೆಚ್ಚಗಿಡುವ ಕಾವಿನ ಖರ್ಚು. ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಕೆ. 200 ವಾಟ್ ದೀಪ ಹಗಲಿರುಳು ಉರಿದರೆ ದಿನಕ್ಕೆ 4.8 ಯೂನಿಟ್, ಎರಡು ವಾರಕ್ಕೆ 67 ಯೂನಿಟ್. ಗೂಡಿನಲ್ಲಿ 20 ಮರಿಗಳಿದ್ದರೂ 40 ಇದ್ದರೂ ದೀಪ ಅಷ್ಟೇ ಉರಿಯುತ್ತದೆಂಬುದು ನನಗೆ ತಡವಾಗಿ ಹೊಳೆಯಿತು.

ಇನ್ನು ಕೊಯ್ಯುವ ಕೆಲಸ. ಹೋಲಿಕೆ ನ್ಯಾಯವಾಗಿರಲೆಂದು ಬ್ರಾಯ್ಲರ್‌ಗಳಲ್ಲಿ ಒಂಬತ್ತನ್ನು ಮನೆಯಲ್ಲೇ ಕೊಯ್ದು ಕೈಯಿಂದ ಪುಕ್ಕ ಕಿತ್ತೆವು, ಒಂಬತ್ತನ್ನು ಕೊಯ್ದು ಕೊಡುವ ಘಟಕಕ್ಕೆ ಒಯ್ದೆವು. ಮನೆಯಲ್ಲಿ ಇಬ್ಬರು ಸೇರಿ, ನೀರು ಕಾಯಿಸುವುದರಿಂದ ಹಿಡಿದು ನೆಲ ತೊಳೆಯುವವರೆಗೆ, ಐದೂವರೆ ಗಂಟೆ ದುಡಿದೆವು. ಕೋಳಿಯೊಂದಕ್ಕೆ ಒಬ್ಬರ 73 ನಿಮಿಷ. ಮೊದಲ ನಾಲ್ಕರ ಚರ್ಮ ಹರಿದುಹೋಯಿತು, ಏಕೆಂದರೆ ನೀರಿನ ಬಿಸಿಯನ್ನು ಅಂದಾಜಿಗೆ ಬಿಟ್ಟಿದ್ದೆ. ಥರ್ಮಾಮೀಟರ್ ಇಟ್ಟು 60ರಿಂದ 63 ಡಿಗ್ರಿಯಲ್ಲಿ ಒಂದು ನಿಮಿಷ ಅದ್ದಿದ ಮೇಲೆ ಪುಕ್ಕ ಸಲೀಸಾಗಿ ಬಂದಿತು. ಘಟಕದಲ್ಲಿ ಹೋಗಿ ಬರುವ, ಕಾಯುವ ಸಮಯವೆಲ್ಲ ಸೇರಿ ಒಬ್ಬರ ಮೂರು ಗಂಟೆ ಸಾಕಾಯಿತು, ಆದರೆ ಶುಲ್ಕ ಕೊಡಬೇಕಾಯಿತು. ಈಲಿ (ಲಿವರ್), ಗುಂಡಿಗೆ, ಗಿಝರ್ಡ್ (ಕಾಳು ಅರೆಯುವ ಗಟ್ಟಿ ಹೊಟ್ಟೆ) ಮರಳಿ ಬರಲಿಲ್ಲ. ಅವು ಕೋಳಿಗೆ ಸುಮಾರು 100 ಗ್ರಾಂ ಆಗುತ್ತವೆ, ಸಣ್ಣ ನಷ್ಟವೇನಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅಲ್ಲಿ ಶುಲ್ಕ ಕೋಳಿಯ ಎಣಿಕೆಗೆ, ತೂಕಕ್ಕಲ್ಲ. ಶುಚಿಮಾಡಿದಾಗ 1.2 ಕಿಲೋ ಆಗುವ ಹುಂಜವನ್ನು ಅಲ್ಲಿಗೆ ಒಯ್ದಿದ್ದರೆ, ಶುಚಿಮಾಡಿದಾಗ 1.9 ಕಿಲೋ ಆಗುವ ಬ್ರಾಯ್ಲರ್‌ಗೆ ಹೋಲಿಸಿದಾಗ ಕಿಲೋ ಮಾಂಸದ ಮೇಲೆ ಒಂದೂವರೆ ಪಟ್ಟು ಶುಲ್ಕ ಬೀಳುತ್ತಿತ್ತು.

ಉಳಿದ ಎರಡು ಬ್ಯಾಚ್‌ಗಳಿಗೆ ರಬ್ಬರ್ ಬೆರಳುಗಳಿರುವ, ಪುಕ್ಕ ಕೀಳುವ ಯಂತ್ರವನ್ನು ಬಾಡಿಗೆಗೆ ತಂದೆವು. ಬಣ್ಣದ 19 ಕೋಳಿಗಳು ಇಬ್ಬರ ಐದು ಗಂಟೆಯಲ್ಲಿ ಮುಗಿದವು, ತಲಾ ಒಬ್ಬರ 32 ನಿಮಿಷ. ಆ ದಿನ ಹಿಂದಿನ ರಾತ್ರಿಯ ಆಹಾರ ತೆಗೆದಿಡಲು ಮರೆತಿದ್ದರಿಂದ ಎರಡು ಕೋಳಿಗಳ ಕರುಳು ಒಡೆದು ತೊಳೆಯುವ ಕೆಲಸ ಹೆಚ್ಚಿತು. ನೀರು ಮಾತ್ರ ಕೊಟ್ಟು 8ರಿಂದ 12 ಗಂಟೆ ಆಹಾರ ನಿಲ್ಲಿಸಬೇಕೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹುಂಜಗಳಿಗೆ ಅದೇ ಯಂತ್ರವಿದ್ದೂ ತಲಾ 40 ನಿಮಿಷ ಬೇಕಾಯಿತು, ಅರ್ಧ ಮೂಡಿದ ಗರಿಗಳ ಬುಡವನ್ನು ಒಂದೊಂದಾಗಿ ಕೈಯಿಂದಲೇ ಕೀಳಬೇಕಾಯಿತಲ್ಲ.

ಮುಂದಿನ ಸಲಕ್ಕೆ ಬ್ರಾಯ್ಲರ್ ಮತ್ತು ಬಾಡಿಗೆ ಯಂತ್ರ ಎಂದು ತೀರ್ಮಾನಿಸಿದ್ದೇನೆ. ಗೊಂದಲ ಉಳಿದದ್ದು ವಯಸ್ಸಿನ ವಿಷಯದಲ್ಲಿ. ಏಳನೆಯ ವಾರದಲ್ಲಿ ಪ್ರತಿ ಕೋಳಿ 1.15 ಕಿಲೋ ತಿಂದು 450 ಗ್ರಾಂ ಮಾತ್ರ ಬೆಳೆಯಿತು, ಅಂದರೆ ಆ ವಾರದ ಎಫ್‌ಸಿಆರ್ ಎರಡೂವರೆ ದಾಟಿತ್ತು. ಆಹಾರದ ಲೆಕ್ಕ ಆರನೆಯ ವಾರಕ್ಕೇ ನಿಲ್ಲಿಸು ಎನ್ನುತ್ತದೆ. ಆದರೆ ಮರಿಯ ಬೆಲೆ, ಕಾವು, ಕೊಯ್ಯುವ ದುಡಿಮೆ ಇವು ಸಣ್ಣ ಕೋಳಿಗೂ ದೊಡ್ಡದಕ್ಕೂ ಒಂದೇ ಆದ್ದರಿಂದ, ಅವನ್ನು ಹೆಚ್ಚು ಮಾಂಸಕ್ಕೆ ಹಂಚಿಕೊಳ್ಳಲು ಏಳು ವಾರವೇ ಮೇಲೆಂದು ನನಗೆ ಕಂಡಿದೆ. ಮರಿಗಳನ್ನು ಈ ಸಲ 40 ತರುತ್ತೇನೆ, ದೀಪ ಒಂದೇ ಉರಿಯಲಿ, ಯಂತ್ರದ ಬಾಡಿಗೆಯೂ ಒಂದೇ ದಿನದ್ದಾಗಲಿ ಎಂದು.